ತೂಕದ ಯಂತ್ರ ಪಕ್ಕಕ್ಕಿಡಿ, ಮೊದಲು ರಸ್ತೆ ಬಿಡಿಸಿಕೊಡಿ

ಮಕ್ಕಳ ಬೊಜ್ಜಿಗೆ ಏನಾದರೂ ಮಾಡೋಣ ಅಂತ ಬಡಾವಣೆಯ ಸಂಘದವರು ಹೊರಟರೆ ಹೆಚ್ಚಾಗಿ ಆಗುವುದು ಇದು. ಭಾನುವಾರ ಶಾಮಿಯಾನ ಹಾಕಿಸುತ್ತಾರೆ. ಡಾಕ್ಟರನ್ನು ಕರೆಸುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಲ್ಲರೆದುರೇ ತೂಕ ನೋಡುತ್ತಾರೆ. ದಪ್ಪಗಿರುವ ಹುಡುಗ ಯಂತ್ರ ಹತ್ತಿದಾಗ ಉಳಿದವರು ನಗುತ್ತಾರೆ. ಮಾರನೇ ದಿನದಿಂದ ಅವನು ಹೊರಗೆ ಬರುವುದನ್ನೇ ಬಿಡುತ್ತಾನೆ. ಇದನ್ನು ನೋಡಿ ನೋಡಿ ಬೇಸರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಬೊಜ್ಜು ಮಗುವಿನ ತಪ್ಪಲ್ಲ. ಆಡಲು ಜಾಗವಿಲ್ಲ, ಕೈ ಚಾಚಿದಲ್ಲೆಲ್ಲ ಪ್ಯಾಕೆಟ್ ತಿಂಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿ ತೂಕದವರು 2015-16ರಲ್ಲಿ ಶೇ 2.1ರಷ್ಟಿದ್ದರು. 2019-21ರ ಹೊತ್ತಿಗೆ ಅದು ಶೇ 3.4 ಆಯಿತು. ಅಮೆರಿಕದ ಸಾಮರ್‌ವಿಲ್ ಎಂಬ ಊರಿನವರು 2000ದ ದಶಕದ ಆರಂಭದಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಜತೆ ಸೇರಿ ಶಾಲೆಯ ಊಟ, ಶಾಲೆಗೆ ನಡೆದು ಹೋಗುವ ದಾರಿ, ಹೋಟೆಲುಗಳ ತಿಂಡಿ ಎಲ್ಲವನ್ನೂ ಸರಿಪಡಿಸಿದರು. ಚಿಕ್ಕ ತರಗತಿಯ ಮಕ್ಕಳ ತೂಕ ಏರುವ ವೇಗ ಇಳಿಯಿತು. ನಮ್ಮ ಬೀದಿಯಲ್ಲೂ ಶುರು ಮಾಡಬಹುದು.

ಹೆಜ್ಜೆ 1. ಐದಾರು ಮನೆಯವರು ಸೇರಿ. ಅಂಗನವಾಡಿ ಕಾರ್ಯಕರ್ತೆ, ಮೂಲೆ ಅಂಗಡಿಯವರು, ಸಂಜೆ ಬಿಡುವಿರುವ ಇಬ್ಬರು ಅಜ್ಜಿಯರು ಇರಲಿ. ಸಾಕು.

ಹೆಜ್ಜೆ 2. ತೂಕದ ಮಾತು ಎತ್ತಬೇಡಿ. ಮಗುವಿನ ಬಗ್ಗೆ ಚಿಂತೆಯಿದ್ದ ಅಪ್ಪ ಅಮ್ಮ ತಾವೇ ಮಕ್ಕಳ ಡಾಕ್ಟರ ಹತ್ತಿರ ಹೋಗಲಿ. ಎತ್ತರಕ್ಕೆ ತಕ್ಕ ತೂಕವಿದೆಯೇ ಅಂತ ಹೇಳುವ ಮೊಬೈಲಿನ ಬಿಎಂಐ ಲೆಕ್ಕ ದೊಡ್ಡವರಿಗೆ ಮಾಡಿದ್ದು. ಮಕ್ಕಳಿಗೆ ವಯಸ್ಸು, ಹೆಣ್ಣೋ ಗಂಡೋ ನೋಡಿ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಬೇಕು. ಇನ್ನೊಂದು ಮಾತು: ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ದಪ್ಪ ಮಗುವೂ ಬಡಕಲು ಮಗುವೂ ಒಂದೇ ಬೀದಿಯಲ್ಲಿರುತ್ತವೆ. ಹಾಗಾಗಿ 'ಕಡಿಮೆ ತಿನ್ನಿ' ಅಂತ ಬೋರ್ಡು ಹಾಕಲೇಬಾರದು.

ಹೆಜ್ಜೆ 3. ದಿನಾ ಸಂಜೆ ಒಂದು ಗಂಟೆ ಆಟ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮೊದಲು ಟ್ಯೂಷನ್ ಮೇಡಂ ಮನೆಗೆ ಹೋಗಿ. ಸಂಜೆ 5.30ಕ್ಕೆ ಅವರ ತರಗತಿಯಿದ್ದರೆ ನಿಮ್ಮ ಆಟಕ್ಕೆ ಯಾರೂ ಬರುವುದಿಲ್ಲ. ಸಮಯವನ್ನು 6.45ಕ್ಕೆ ಬದಲಿಸಲು ಕೇಳಿಕೊಳ್ಳಿ. ಎದುರು ಕೂತು ಕೇಳಿದರೆ ಬಹಳ ಜನ ಒಪ್ಪುತ್ತಾರೆ.

ಆಮೇಲೆ ಜಾಗ. ವಾಹನ ಕಡಿಮೆ ಇರುವ ಸಣ್ಣ ಕ್ರಾಸು, ಕೊನೆ ಮುಚ್ಚಿದ ರಸ್ತೆಯಾದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಕಾರು ಪಕ್ಕದ ರಸ್ತೆಗೆ ಹಾಕಿಕೊಳ್ಳಿ ಅಂತ ಪ್ರತಿ ಮನೆಗೂ ಹೋಗಿ ಹೇಳಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡರೆ ಜಗಳ ಗ್ಯಾರಂಟಿ. ರಸ್ತೆಗೆ ಅಡ್ಡ ಏನಾದರೂ ಇಡುವುದಾದರೆ ಸಂಚಾರ ಪೊಲೀಸರ ಅನುಮತಿ ಬರವಣಿಗೆಯಲ್ಲೇ ಇರಲಿ. ಪಾರ್ಕಿನಲ್ಲಿ 'ಆಟ ಆಡಬಾರದು' ಅಂತ ಬೋರ್ಡಿದ್ದರೆ ವಾರ್ಡ್ ಕಚೇರಿಗೆ ಹೋಗಿ ಮಕ್ಕಳಿಗೆ ಒಂದು ಮೂಲೆ ಕೇಳಿ.

ಕೋಚ್ ಬೇಡ. ಚುರುಕಾದವರನ್ನು ಆರಿಸಿ ತಂಡ ಕಟ್ಟಿಬಿಡುತ್ತಾರೆ, ಓಡಲು ಕಷ್ಟಪಡುವ ಮಗು ಬದಿಗೆ ಕೂರುತ್ತದೆ. ರಸ್ತೆಯ ಎರಡು ತುದಿಗೆ ಒಬ್ಬೊಬ್ಬ ದೊಡ್ಡವರು ನಿಂತರೆ ಸಾಕು, ಪಾಳಿಯ ಪ್ರಕಾರ. ಮೊದಲ ತಿಂಗಳು ಕ್ರಿಕೆಟ್ಟೂ ಬೇಡ. ಒಬ್ಬ ಹೊಡೆಯುತ್ತಾನೆ, ಹತ್ತು ಜನ ಸುಮ್ನೆ ನಿಂತಿರುತ್ತಾರೆ. ಲಗೋರಿ, ಕುಂಟೆಬಿಲ್ಲೆ, ಖೊ ಖೊ, ಮುಟ್ಟಾಟ ಆಡಿಸಿ. ಔಟಾದವರನ್ನು ಕೂರಿಸಬೇಡಿ. ಲೈಟುಕಂಬದವರೆಗೆ ಹೋಗಿ ಬಂದು ಮತ್ತೆ ಆಟಕ್ಕೆ ಸೇರಲಿ. ಈ ಒಂದು ನಿಯಮದಿಂದಲೇ ಹಿಂದೆ ಬಿದ್ದ ಮಗುವಿಗೆ ಎಲ್ಲರಿಗಿಂತ ಜಾಸ್ತಿ ಆಟ ಸಿಗುತ್ತದೆ.

ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳು ಮೆಲ್ಲಗೆ ಬರುವುದು ನಿಲ್ಲಿಸುತ್ತಾರೆ. ಪಿಯುಸಿ ಓದುವ ಒಬ್ಬ ಅಕ್ಕ ಆಟಕ್ಕೆ ಇಳಿದರೆ ಅವರು ಉಳಿಯುತ್ತಾರೆ. ಮಳೆ ಬಂದರೆ ಯಾರದಾದರೂ ಪಾರ್ಕಿಂಗ್ ಜಾಗದಲ್ಲಿ ಸ್ಕಿಪ್ಪಿಂಗ್. ಹುರುಪು ಇಳಿದು ನಾಲ್ಕೇ ಮಕ್ಕಳು ಬಂದ ದಿನವೂ ಆಟ ನಿಲ್ಲಿಸಬೇಡಿ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಜ್ಜೆ ಎಣಿಸುವ ವಾಚಿಗೆ ದುಡ್ಡು ಹಾಕಬೇಡಿ, ಆ ದುಡ್ಡಿಗೆ ಚೆಂಡು, ಹಗ್ಗ ತನ್ನಿ.

ಹೆಜ್ಜೆ 4. ಆಟ ಮುಗಿದ ಮೇಲೆ ನೀರು ಕೊಡಿ, ಇಲ್ಲವೇ ಮಜ್ಜಿಗೆ. 300 ಮಿಲಿ ಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚ. ಹಾಲಿಗೆ ಬೆರೆಸುವ ಚಾಕೊಲೇಟು ಪುಡಿಗಳನ್ನೂ ನಾನು ಒಪ್ಪುವುದಿಲ್ಲ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ಸರ್ಕಾರವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿತು. ರಾಗಿ ಬಿಸ್ಕತ್ತು ಕೊಳ್ಳುವಾಗ ಪೊಟ್ಟಣದ ಹಿಂಭಾಗ ಓದಿ. ಜಾಸ್ತಿ ಇರುವ ಪದಾರ್ಥವನ್ನೇ ಮೊದಲು ಬರೆದಿರುತ್ತಾರೆ. ಅಲ್ಲಿ ಮೈದಾ ಅಂತ ಇದ್ದರೆ ಅದು ಮೈದಾ ಬಿಸ್ಕತ್ತು, ಅಲ್ವಾ?

ಹೆಜ್ಜೆ 5. ಶಾಲೆಯ ಗೇಟು. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿಯಿರುವ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಾಗಲೀ ಗೇಟಿನಿಂದ 50 ಮೀಟರ್ ಒಳಗಾಗಲೀ ಮಕ್ಕಳಿಗೆ ಮಾರುವಂತಿಲ್ಲ. ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್ಎಸ್ಎಸ್ಎಐ) 2020ರಲ್ಲಿ ಮಾಡಿದ ನಿಯಮ. ಇದರ ಪ್ರತಿ ಹಿಡಿದು ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ (ಎಸ್‌ಡಿಎಂಸಿ) ನೋಡಿ. ಆದರೆ ತಳ್ಳುಗಾಡಿಯವರನ್ನು ಓಡಿಸಬೇಡಿ, ಅದು ಅವರ ಹೊಟ್ಟೆಪಾಡು. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಸೌತೆಕಾಯಿ, ಹೆಸರುಕಾಳಿನ ಉಸಲಿ ಇಡಿ ಅಂತ ಕೇಳಿ. ಉಳಿದುಹೋದರೆ ನಷ್ಟ ಅನ್ನುವುದೇ ಅವರ ಭಯ. ಮೊದಲ ಎರಡು ವಾರ ಉಳಿದದ್ದನ್ನು ನಾವು ಕೊಳ್ಳುತ್ತೇವೆ ಅಂತ ನಿಮ್ಮ ಐದಾರು ಮನೆಯವರು ಮಾತು ಕೊಡಿ, ಸಂಜೆ ಆಟದ ಹೊತ್ತಿಗೆ ಅದನ್ನೇ ಮಕ್ಕಳಿಗೆ ಹಂಚಿ.