ಮಕ್ಕಳ ಚಾನೆಲ್ ಹಾಕಿಸೋ ಮುಂಚೆ ಮಾಲೀಕರನ್ನು ಎಣಿಸಿ

ಹಾಸನದಲ್ಲಿ ಜೋರು ಮಳೆ ಹಿಡಿದರೆ ಸಂಜೆ ಮಕ್ಕಳಿಗೆ ಟಿವಿಯೇ ಗತಿ. ಮೊನ್ನೆ ನನ್ನ ಮಗಳು ರಿಮೋಟ್ ಒತ್ತುತ್ತಾ ಕೂತಿದ್ದವಳು, "ಅಪ್ಪಾ, ಎಲ್ಲದರಲ್ಲೂ ನೋಡಿದ್ದೇ ಬರ್ತಿದೆ" ಅಂದಳು. ಆರು ಮಕ್ಕಳ ಚಾನೆಲ್‌ಗೆ ದುಡ್ಡು ಕಟ್ಟುತ್ತಿದ್ದೆ. ಅವತ್ತೇ ಅವಳ ರಫ್ ನೋಟ್‌ಬುಕ್ಕಿನ ಹಾಳೆ ಹರಿದು ಲೆಕ್ಕ ಹಾಕಿದೆ. ನೀವೂ ಹಾಕಿ.

ಎಡಗಡೆ ಚಾನೆಲ್ ಹೆಸರು, ಬಲಗಡೆ ಮಾಲೀಕರ ಹೆಸರು ಬರೆಯಿರಿ. ಮೊದಲು ನಿಕ್, ಸೋನಿಕ್ ಒಬ್ಬ ಮಾಲೀಕರದು, ಡಿಸ್ನಿ ಚಾನೆಲ್ ಇನ್ನೊಬ್ಬರದು ಆಗಿತ್ತು. 2024ರ ನವೆಂಬರ್‌ನಲ್ಲಿ ಭಾರತದಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಟಿವಿ ವ್ಯವಹಾರ ಒಂದಾಗಿ ಮೂರೂ ಜಿಯೋಸ್ಟಾರ್ ಅನ್ನೋ ಒಂದೇ ಕಂಪನಿ ಪಾಲಾದವು. ಕಾರ್ಟೂನ್ ನೆಟ್‌ವರ್ಕ್, ಪೋಗೊ ಎರಡೂ ವಾರ್ನರ್ ಬ್ರದರ್ಸ್ ಡಿಸ್ಕವರಿಯದು. 2009ರಲ್ಲಿ ಶುರುವಾದ ಚಿಂಟು ಟಿವಿ ಸನ್ ಗುಂಪಿನದು. ನನ್ನ ಹಾಳೆಯಲ್ಲಿ ಎಡಗಡೆ ಆರು ಹೆಸರು, ಬಲಗಡೆ ಮೂರೇ!

ಇದರಿಂದ ಏನಾಗುತ್ತೆ ಅಂತೀರಾ? ಎದುರಾಳಿ ಇದ್ದಾಗ ಮಗುವನ್ನು ತಮ್ಮ ಕಡೆ ಎಳೆಯೋಕೆ ಇಬ್ಬರೂ ಹೊಸದನ್ನು ತರಲೇಬೇಕು, ಎರಡೂ ಚಾನೆಲ್ ಒಬ್ಬರದೇ ಆದರೆ ಆ ಅವಸರ ಇರಲ್ಲ, ಇದ್ದದ್ದನ್ನೇ ಮತ್ತೆ ಮತ್ತೆ ಹಾಕಿದರೂ ನಡೆಯುತ್ತೆ. ಅದೂ ಅಲ್ಲದೆ ಒಂದು ಕಾರ್ಟೂನನ್ನು ಐದಾರು ಭಾಷೆಗೆ ಡಬ್ ಮಾಡೋದು ಅಗ್ಗ, ಕನ್ನಡದಲ್ಲೇ ಹೊಸದಾಗಿ ಮಾಡೋದು ದುಬಾರಿ. ಹಾಗಾಗಿ ನಮ್ಮ ಮಕ್ಕಳಿಗೆ ಕನ್ನಡ ಮಾತು ಸಿಗುತ್ತೆ, ಆದರೆ ಆಲೂಗಡ್ಡೆ ಹೊಲ, ಕಾಫಿ ತೋಟ, ಊರ ಜಾತ್ರೆ ಇರುವ ಕಥೆ ಸಿಗಲ್ಲ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಇನ್ನು ಪ್ಯಾಕ್ ವಿಷಯ. 2019ರಿಂದ ಟ್ರಾಯ್ (ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡೋ ಕೇಂದ್ರದ ಸಂಸ್ಥೆ) ನಿಯಮದ ಪ್ರಕಾರ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ತಗೋಬಹುದು. ಕೇಬಲ್‌ನವರ ಹತ್ತಿರ "ಪ್ಯಾಕ್ ಬೇಡ, ಬಿಡಿಯಾಗಿ ಹಾಕಿ" ಅಂತ ಕೇಳಿ, ಒಬ್ಬೊಬ್ಬ ಮಾಲೀಕರದು ಒಂದೊಂದು ಸಾಕು. ಕೆಲವು ಸಲ ಪ್ಯಾಕೇ ಅಗ್ಗ ಬೀಳುತ್ತೆ, ಎರಡೂ ಲೆಕ್ಕ ಹಾಕಿ ನೋಡಿ. ಹಾಕಿಸಿದ ಮೇಲೆ ರಿಮೋಟ್‌ನಲ್ಲಿ ಆಡಿಯೋ ಭಾಷೆಯ ಪಟ್ಟಿ ತೆರೆದು ಕನ್ನಡ ಇದೆಯಾ ನೋಡಿ. ಚಂದನವನ್ನು ಮರೀಬೇಡಿ. ಅದು ಸರ್ಕಾರಿ ಚಾನೆಲ್, ಬೇರೆ ದುಡ್ಡಿಲ್ಲ, ಕೊರೊನಾ ಕಾಲದಲ್ಲಿ ಮಕ್ಕಳ ಪಾಠ ಬಂದಿದ್ದೂ ಅದರಲ್ಲೇ.

ಕೊನೆಗೆ ಅರ್ಧ ಗಂಟೆ ಮಗುವಿನ ಪಕ್ಕ ಕೂತು ಜಾಹೀರಾತು ಮಾತ್ರ ಗಮನಿಸಿ. 2022ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಮಕ್ಕಳ ಚಾನೆಲ್‌ನಲ್ಲಿ ಚಿಪ್ಸ್, ಕೋಲಾ ಥರದ ಜಾಹೀರಾತು ಹಾಕುವಂತಿಲ್ಲ. ಕಂಡರೆ ಚಾನೆಲ್, ತಾರೀಖು, ಸಮಯ ಬರೆದಿಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.