ಹೂದಾನಿಯ ಚಿತ್ರವೂ ನಮ್ಮ ಮಳೆಗಾಲವೂ

ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಬಿಗಿಯಾಗಿ ಮುಚ್ಚಿಡಬೇಕು ಅಂತ ಕುಮಟಾದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆ ಮೇಲಿನ ಚಿತ್ರವೂ ಹಪ್ಪಳದಷ್ಟೇ ನಾಜೂಕು ಅನ್ನೋದು ಮಾತ್ರ ನನಗೆ ತಿಳಿದದ್ದು ಒಂದನ್ನು ಹಾಳು ಮಾಡಿಕೊಂಡ ಮೇಲೆ.

ಮಗಳು ಬೆಂಗಳೂರಿನಿಂದ ಹೂದಾನಿಯ ಚಿತ್ರವೊಂದರ ಒಳ್ಳೆಯ ಪ್ರಿಂಟು ಕಳಿಸಿದ್ದಳು. ಮೂಲ ಬರೆದವಳು ಹಾಲೆಂಡಿನ ರೇಚೆಲ್ ರಾಯ್ಶ್. 1664ರಲ್ಲಿ ಹುಟ್ಟಿ 1750ರಲ್ಲಿ ತೀರಿಕೊಂಡವಳು. ಹತ್ತು ಮಕ್ಕಳ ತಾಯಿ, ಎಂಬತ್ತು ದಾಟಿದ ಮೇಲೂ ಹೂವು ಬರೆಯುತ್ತಲೇ ಇದ್ದಳು. "ಆಯಿ, ನಿಂಗೆ ಇವಳೇ ಸರಿ" ಅಂತ ಮಗಳು ಫೋನಲ್ಲಿ ನಕ್ಕಳು. ಚಿತ್ರದಲ್ಲಿ ಟುಲಿಪ್ಪೂ ಇದೆ, ಗುಲಾಬಿಯೂ ಇದೆ. ಅಲ್ಲಿ ಇವೆಲ್ಲ ಒಂದೇ ವಾರ ಅರಳುವುದಿಲ್ಲ. ಒಂದೊಂದನ್ನೂ ಅದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ಆಮೇಲೆ ಒಂದೇ ಹೂದಾನಿಗೆ ಸೇರಿಸುತ್ತಿದ್ದರು. ನಾವು ಬೇಸಿಗೆಯ ಸುರಗಿ, ಮಳೆಗಾಲದ ಕೇದಿಗೆ, ಚಳಿಯ ಸೇವಂತಿಗೆ ಮೂರನ್ನೂ ಒಂದೇ ತಂಬಿಗೆಯಲ್ಲಿ ಇಟ್ಟ ಹಾಗೆ.

ನಾನು ಮಾಡಿದ್ದೇನು? ಜೂನ್ ಮೊದಲ ವಾರ ಅವಸರದಲ್ಲಿ ಕಟ್ಟು ಹಾಕಿಸಿದೆ. ಕಟ್ಟು ಹಾಕುವವರು ಪ್ರಿಂಟಿನ ಮೇಲೆ ನೇರವಾಗಿ ಗಾಜು ಕೂರಿಸಿ, ಹಿಂದೆ ಹಾರ್ಡ್‌ಬೋರ್ಡ್ ಹೊಡೆದು ಕೊಟ್ಟರು. ಅದನ್ನು ತಂದು ಪಡಸಾಲೆಯ ಪಶ್ಚಿಮದ ಗೋಡೆಗೆ ತೂಗುಹಾಕಿದೆ. ಚಿರೇಕಲ್ಲಿನ ಗೋಡೆ, ಮಳೆ ಹೊಡೆಯುವ ದಿಕ್ಕು ಬೇರೆ. ಚೌತಿ ಹೊತ್ತಿಗೆ ಕಾಗದ ಅಲೆಅಲೆಯಾಗಿ ಎದ್ದಿತ್ತು, ಅಂಚಿಗೆಲ್ಲ ಕಂದು ಚುಕ್ಕಿ. ಗಾಜು ಬಿಡಿಸಲು ಹೋದರೆ ಅರ್ಧ ಗುಲಾಬಿ ಗಾಜಿಗೇ ಅಂಟಿಕೊಂಡು ಬಂತು. ಹೊಟ್ಟೆ ಉರಿಯಿತು. ತಪ್ಪು ಅವರದ್ದೆಷ್ಟೋ ನನ್ನದೂ ಅಷ್ಟೇ.

ಎರಡನೇ ಪ್ರಿಂಟಿಗೆ ನಿಂತು ಮಾಡಿಸಿದೆ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡಿನ, ಅಂದರೆ ದಪ್ಪ ರಟ್ಟಿನ, ಚೌಕಟ್ಟು ಇರಲೇಬೇಕು. ಚಂದಕ್ಕಷ್ಟೇ ಅಲ್ಲ, ಆ ಚೂರು ಸಂದಿಯಿಂದಲೇ ಕಾಗದ ಗಾಜಿಗೆ ತಾಗದೆ ಉಳಿಯುವುದು. ಬೋರ್ಡು ಆಸಿಡ್ ಇಲ್ಲದ್ದು ಅಂತ ಕೇಳಿ ತಗೊಳ್ಳಿ, ಅಗ್ಗದ್ದು ನಾಲ್ಕು ವರ್ಷಕ್ಕೆ ಕಾಗದವನ್ನೂ ಹಳದಿ ಮಾಡುತ್ತದೆ. ಪ್ರಿಂಟನ್ನು ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ಹಿಡಿಸಿ. ನಾಲ್ಕೂ ಮೂಲೆ ಅಂಟಿಸಿದರೆ ತೇವಕ್ಕೆ ಹಿಗ್ಗಿದ ಕಾಗದಕ್ಕೆ ಹೋಗಲು ಜಾಗವಿಲ್ಲದೆ ಉಬ್ಬುತ್ತದೆ. ಸೆಲ್ಲೋಟೇಪು ಬೇಡವೇ ಬೇಡ. ಮೈದಾ ಅಂಟಂತೂ ಹುಳಕ್ಕೆ ಊಟ ಬಡಿಸಿದ ಹಾಗೆ. ಪ್ರಿಂಟು ಕೊಳ್ಳುವಾಗಲೇ ಹತ್ತಿಯ ಕಾಗದವಾ, ಪಿಗ್ಮೆಂಟ್ ಶಾಯಿಯಾ (ಬಣ್ಣದ ನುಣ್ಣನೆ ಪುಡಿ ಬೆರೆಸಿದ್ದು) ಕೇಳಿ. ಬಣ್ಣ ಕರಗಿಸಿ ಮಾಡಿದ ಡೈ ಶಾಯಿ ಬೇಗ ಮಾಸುತ್ತದೆ.

ಸುರುಳಿಯಲ್ಲಿ ಬಂದ ಪ್ರಿಂಟನ್ನು ಬಿಚ್ಚುವ ಮೊದಲು ಕೈ ತೊಳೆಯಿರಿ. ನಮ್ಮ ಕೈಯಲ್ಲಿ ತೆಂಗಿನೆಣ್ಣೆ ಇಲ್ಲದ ಹೊತ್ತು ಯಾವುದು ಹೇಳಿ? ಮಂಚದ ಮೇಲೆ ಒಗೆದ ಬಿಳಿ ಪಂಚೆ ಹಾಸಿ, ಅಂಚು ಹಿಡಿದು ಬಿಡಿಸಿ ಒಂದು ದಿನ ಹಾಗೇ ಬಿಡಿ. ನೆಟ್ಟಗಾಗಲಿ ಅಂತ ತಿರುಗಾ ಮುರುಗಾ ಸುತ್ತಬೇಡಿ, ಗೆರೆ ಬೀಳುತ್ತದೆ.

ಇನ್ನು ಗೋಡೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಮನೆಯ ಒಳಗೋಡೆ ಆರಿಸಿ. ಬಚ್ಚಲಿಗೆ ತಾಗಿದ್ದು ಬೇಡ, ದೇವರ ದೀಪದ ಮಸಿ ಬರುವ ಕಡೆಯೂ ಬೇಡ. ಅನುಮಾನ ಇದ್ದರೆ ಒಂದು ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆಯ ಕಡೆ ಹನಿ ಕೂತಿದ್ದರೆ ಆ ಗೋಡೆಗೆ ಕ್ಯಾಲೆಂಡರ್ ಸಾಕು. ನೇರ ಬಿಸಿಲು ಬೀಳಬಾರದು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಈ ಕಪ್ಪು ಹಿನ್ನೆಲೆಯ ಚಿತ್ರಗಳನ್ನು ಕಿಟಕಿಯ ಎದುರಿಗೂ ಹಾಕಬೇಡಿ. ಗಾಜು ಕನ್ನಡಿಯಾಗುತ್ತದೆ. ಹೂವಿನ ಬದಲು ನಮ್ಮ ಕಿಟಕಿಯ ಸರಳು, ಹೊರಗೆ ಒಣಹಾಕಿದ ಬಟ್ಟೆ, ಇವೇ ಕಾಣುತ್ತವೆ.

ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬೂಚಿನ ಬಿಲ್ಲೆ ಅಂಟಿಸಿ. ಬೂಚು ಸಿಗದಿದ್ದರೆ ಔಷಧಿ ಬಾಟ್ಲಿಯ ರಬ್ಬರ್ ಮುಚ್ಚಳ ಆಗುತ್ತದೆ. ಗೋಡೆಗೂ ಚಿತ್ರಕ್ಕೂ ಅರ್ಧ ಬೆರಳು ಸಂದಿ ಬಿಟ್ಟರೆ ಗಾಳಿ ಆಡುತ್ತದೆ, ಬೂಸರು ಬರುವುದು ಕಡಿಮೆ. ಮೊಳೆ ಕಬ್ಬಿಣದ್ದಾದರೆ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಒಂದು ದಿನ ಚಿತ್ರವನ್ನೇ ಕೆಳಗೆ ಹಾಕುತ್ತದೆ. ಹಿತ್ತಾಳೆಯದ್ದೋ ಸ್ಟೀಲಿನ ಸ್ಕ್ರೂವೋ ಹಾಕಿಸಿ, ನೇತುಹಾಕಲು ತಂತಿಯ ಬದಲು ನೈಲಾನ್ ಹಗ್ಗ.

ಒರೆಸುವಾಗ ಗಾಜಿನ ಮೇಲೆ ನೀರು ಚಿಮುಕಿಸಬೇಡಿ. ಅಂಚಿನಿಂದ ಒಳಗೆ ಇಳಿಯುತ್ತದೆ. ಬಟ್ಟೆಯನ್ನೇ ತುಸು ಒದ್ದೆ ಮಾಡಿ ಒರೆಸಿ, ಸಾಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಳಿಸಿ ಬೆನ್ನು ನೋಡಿ. ಹಲ್ಲಿ ಮೊಟ್ಟೆ, ಮಣ್ಣಿನ ಗೂಡು, ಏನಾದರೂ ಇದ್ದೇ ಇರುತ್ತದೆ. ಪಸೆ ಕಂಡರೆ ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗೆ ಹಿಡಿಯಬೇಡಿ.

ಇನ್ನೊಂದು ಮಾತು. ಈ ಹೂವಿನ ಚಿತ್ರ ಬರೆಯುವವರಿಗೆ ಎಲೆಯ ಮೇಲೆ ಹುಳ, ಚಿಟ್ಟೆ ಕೂರಿಸುವ ಚಟ. ಕಟ್ಟು ಹಾಕಿಸುವ ಮೊದಲೇ ಎಣಿಸಿಟ್ಟುಕೊಳ್ಳಿ. ನಮ್ಮದರಲ್ಲಿ ನಾಲ್ಕಿವೆ. ಐದನೆಯದು ಕಂಡ ದಿನ ಕಟ್ಟು ಬಿಚ್ಚಿಸಬೇಕು.