ಪತ್ತನಾಜೆಗೆ ಮೊದಲು ಸಿಡಿಗಳ ಡಬ್ಬಿ ಮುಚ್ಚಿಡಿ

ಹೋದ ತಿಂಗಳು ನನ್ನ ಮೊಮ್ಮಗಳು ತನ್ನ ತಾಯಿಯ ಮದುವೆಯ ಡಿವಿಡಿಯನ್ನು ಕಪಾಟಿನ ಅಡಿಯಿಂದ ಹುಡುಕಿ ತೆಗೆದು, ಹೆಣ್ಣೊಪ್ಪಿಸಿಕೊಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಗುತ್ತದೆಂದು, ಹಲ್ಲುಜ್ಜುವ ಪೇಸ್ಟನ್ನು ಬೆರಳಿಗೆ ಹಚ್ಚಿಕೊಂಡು ಅದರ ಹೊಳೆಯುವ ಮೈಯನ್ನು ಗಿರಗಿರನೆ ತಿಕ್ಕುತ್ತಿದ್ದಳು. "ಗೀರು ಹೋಗುತ್ತದೆಯಂತೆ ಅಜ್ಜೀ" ಎಂದಳು. ನಾನು ಅದನ್ನು ಕೈಯಿಂದ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಹೇಳಿಕೊಳ್ಳುವಂತಹ ಗೀರು ಒಂದೂ ಇರಲಿಲ್ಲ. ಅಂಚಿನಲ್ಲಿ ಮಾತ್ರ ಉಗುರಿನಗಲ ಮೋಡ ಕವಿದಂತಹ ಕಲೆಯೊಂದು ಒಳಮುಖವಾಗಿ ಹರಡುತ್ತಿತ್ತು. ಆ ಕಲೆ ಇದ್ದುದು ಪ್ಲಾಸ್ಟಿಕ್ಕಿನ ಒಳಗೆ. ಪೇಸ್ಟಲ್ಲ, ಯಾವುದನ್ನು ತಿಕ್ಕಿದರೂ ಅಲ್ಲಿಗೆ ತಲುಪುವುದಿಲ್ಲ. ಪೇಸ್ಟಿನೊಳಗಿನ ಸಣ್ಣ ಪುಡಿ ಚೆನ್ನಾಗಿದ್ದ ಮೈಯ ಮೇಲೆ ಹೊಸ ಗೀರುಗಳನ್ನು ಎಳೆಯುತ್ತದೆ, ಅಷ್ಟೆ. ಅವಳೊಬ್ಬಳದೇ ತಪ್ಪಲ್ಲ. ಮೈದುನನ ಮನೆಯಲ್ಲಿ, ತಂಗಿಯ ಮನೆಯಲ್ಲಿ, ಎಲ್ಲಿ ನೋಡಿದರೂ ಈಗಿನ ಮಕ್ಕಳು ಸಿಡಿಯ ಕೆಳಮೈಯನ್ನು ಮಾತ್ರ ಒರೆಸಿ ಉಜ್ಜಿ, ಹೆಸರು ಅಚ್ಚಾದ ಮೇಲ್ಮೈಯನ್ನೂ ಅಂಚನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ನೋಡಿ ಸಾಕಾಗಿಯೇ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ದಾಟಿ ಮಳೆ ಹಿಡಿಯುವ ಮೊದಲು ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕದ ಪೇಟೆಯಲ್ಲಿ ನಮ್ಮ ಮನೆಯವರು ಹತ್ತು ಹನ್ನೆರಡು ವರ್ಷ ಸಿಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸಿದ್ದರು. ಕನ್ನಡ, ಮಲಯಾಳ, ತಮಿಳು ಸಿನಿಮಾಗಳು, ಯಕ್ಷಗಾನ, ತಾಳಮದ್ದಳೆ ಎಲ್ಲವೂ ಇದ್ದವು. ಸಂಜೆ ಮರಳಿ ಬಂದ ಸಿಡಿಗಳನ್ನು ಚೀಲದಲ್ಲಿ ಮನೆಗೆ ತರುತ್ತಿದ್ದರು, ಪೋಡಿ ತಿಂದ ಕೈಯ ಎಣ್ಣೆ, ಮಕ್ಕಳ ಜೊಲ್ಲು, ಇರುವೆ, ಎಲ್ಲವೂ ಅಂಟಿಕೊಂಡೇ ಬರುತ್ತಿದ್ದ ಅವುಗಳನ್ನು ಶುಚಿಮಾಡಿ ಮರುದಿನಕ್ಕೆ ಸಿದ್ಧಮಾಡುವ ಕೆಲಸ ನನ್ನದಾಗಿತ್ತು. ಆದುದರಿಂದ ನಾನು ಹೇಳುವುದು ಕೈಯಿಂದ ಕಲಿತದ್ದು.

ಮೊದಲು ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ಸಿಡಿಯೂ, ಸಿನಿಮಾ ತುಂಬಿದ ಸಿಡಿಯಾದ ವಿಸಿಡಿಯೂ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಿಲ್ಲೆಗಳು. ಚಿತ್ರವೂ ಸ್ವರವೂ ಅಡಗಿರುವ ಸಣ್ಣ ಸಣ್ಣ ಗುಳಿಗಳು ಈ ಪ್ಲಾಸ್ಟಿಕ್ಕಿನ ಮೇಲ್ಭಾಗದಲ್ಲಿವೆ. ಅವುಗಳ ಮೇಲೆ ಬೇಗಡೆಯಂತಹ ತೆಳ್ಳಗಿನ ಅಲ್ಯುಮಿನಿಯಂ ಪೊರೆ, ಅದರ ಮೇಲೆ ಒಂದು ಕೈ ವಾರ್ನಿಶು, ಅದರ ಮೇಲೆ ಹೆಸರು ಅಚ್ಚಾದ ಬಣ್ಣ. ಎಂದರೆ ಕೆಳಗಿನಿಂದ ಇಡೀ ಪ್ಲಾಸ್ಟಿಕ್ಕಿನ ದಪ್ಪವೇ ಕಾವಲಿದ್ದರೆ, ಮೇಲಿನಿಂದ ಕಾವಲಿರುವುದು ಆ ವಾರ್ನಿಶು ಮತ್ತು ಬಣ್ಣ ಮಾತ್ರ. ಹೆಸರಿರುವ ಬದಿಯನ್ನು ಕೆಳಗೆ ಮಾಡಿ ಮೇಜಿನ ಮೇಲೆ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೆಳಮೈಯ ಗೀರನ್ನು ಯಂತ್ರದಲ್ಲಿ ಕೊಟ್ಟು ಪಾಲಿಶು ಮಾಡಿಸಬಹುದು, ಮೇಲಿನ ಬೇಗಡೆ ಒಮ್ಮೆ ಕಿತ್ತುಬಂದರೆ ಅಲ್ಲಿದ್ದ ಚಿತ್ರ ಹೋದಂತೆಯೇ.

ಇದನ್ನು ಕಣ್ಣಾರೆ ಕಾಣಬೇಕಾದರೆ ತರಕಾರಿ ಸಾಲಿಗೆ ಹೋಗಿ. ಅಂಗಡಿ ಮುಚ್ಚಿದ ಮೇಲೆ ಕೆಲಸಕ್ಕೆ ಬಾರದ ಸಿಡಿಗಳನ್ನು ನಮ್ಮ ಮನೆಯವರು ಹಕ್ಕಿಗಳು ಬೆದರಲೆಂದು ಅಲಸಂಡೆ ಚಪ್ಪರಕ್ಕೆ ಕಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದು, ಬೆಳ್ಳಿಯ ಪೊರೆ ಚೂರುಚೂರಾಗಿ ಉದುರಿ, ಕೊನೆಗೆ ಕನ್ನಡಕದ ಗಾಜಿನಂತಹ ಬರಿಯ ಬಿಲ್ಲೆ ದಾರದಲ್ಲಿ ತೂಗುತ್ತಿತ್ತು. ಡಿವಿಡಿಗಳಾದರೋ ಅಂಚಿನಲ್ಲಿ ಬಾಯ್ಬಿಟ್ಟು ಎರಡು ಹೋಳಾಗಿದ್ದವು. ಚಪ್ಪರದಲ್ಲಿ ಎರಡು ವರ್ಷಕ್ಕೆ ಆದದ್ದೇ ನಿಮ್ಮ ಕಪಾಟಿನಲ್ಲಿ ಇಪ್ಪತ್ತು ವರ್ಷಕ್ಕೆ ನಿಧಾನವಾಗಿ ಆಗುತ್ತಿರುತ್ತದೆ.

1996ರಲ್ಲಿ ಬಂದ ಡಿವಿಡಿಯ ರಚನೆ ಬೇರೆ. ಅರ್ಧಕ್ಕರ್ಧ ದಪ್ಪದ, ಎಂದರೆ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟು ಹಾಕಿ ಕೂಡಿಸಿರುತ್ತಾರೆ, ಬೇಗಡೆ ಅವುಗಳ ನಡುವೆ ಇರುತ್ತದೆ. ಮೇಲಿನ ಗೀರಿಗೆ ಅದು ಅಷ್ಟು ಬೇಗ ಸೋಲುವುದಿಲ್ಲವಾದರೂ ಅಂಟು ಸಡಿಲಿದರೆ ಅಂಚಿನಿಂದ ಗಾಳಿ, ತೇವ ಒಳನುಗ್ಗಿ ಲೋಹ ಕಿಲುಬುಗಟ್ಟುತ್ತದೆ. ಸಿಡಿಯಾಗಲಿ ಡಿವಿಡಿಯಾಗಲಿ ಒಳಗಿನ ತೂತಿನ ಕಡೆಯಿಂದ ಅಂಚಿನ ಕಡೆಗೆ ಓದಿಸಿಕೊಳ್ಳುವುದರಿಂದ, ಅಂಚು ಕೆಟ್ಟಾಗ ಸಿನಿಮಾದ ಕೊನೆಯೇ ಮೊದಲು ಹೋಗುತ್ತದೆ. ಎರಡು ಪದರದ ಸಿನಿಮಾ ಡಿವಿಡಿಗಳಲ್ಲಿ ಮಾತ್ರ ಸಾಮಾನ್ಯವಾಗಿ ಮೊದಲ ಪದರ ಅಂಚಿನಲ್ಲಿ ಮುಗಿದು ಎರಡನೆಯದು ಅಲ್ಲಿಂದಲೇ ಒಳಕ್ಕೆ ಮರಳುವುದರಿಂದ ನಡುಭಾಗ ಹೋಗುತ್ತದೆ. ಆದುದರಿಂದ ಮೊದಲ ಹತ್ತು ನಿಮಿಷ ಓಡಿಸಿ ನೋಡಿ "ಸಿಡಿ ಚೆನ್ನಾಗಿದೆ" ಎನ್ನುವುದು ಅನ್ನದ ಪಾತ್ರೆಯ ಮೇಲಿನ ಅಗುಳನ್ನು ಹಿಸುಕಿ ತಳ ಸೀದಿಲ್ಲವೆಂದು ಹೇಳಿದಂತೆ. ನಡುವನ್ನೂ ಕೊನೆಯನ್ನೂ ಓಡಿಸಿ ನೋಡಿ.

ಕಾರ್ಖಾನೆಯಲ್ಲಿ ಒತ್ತಿದ ಸಿಡಿಗೆ ಸಾವಿಲ್ಲವೆಂದು ತಿಳಿಯಬೇಡಿ. ಸಿಡಿಗಿಂತ ಮೊದಲೇ, ಸಿನಿಮಾ ತುಂಬಿದ 30 ಸೆಂಟಿಮೀಟರ್ ಅಗಲದ ಲೇಸರ್ ಡಿಸ್ಕುಗಳು 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಎಷ್ಟೋ ಅಂಟಿನ ದೋಷದಿಂದಲೇ ಕೊಳೆತುಹೋದವು. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಸಿಡಿಗಳು ವಾರ್ನಿಶಿನ ದೋಷದಿಂದ ಅಂಚಿನಿಂದ ಆರಂಭಿಸಿ ಕಂಚಿನ ಬಣ್ಣಕ್ಕೆ ತಿರುಗಿದವು. ಜೊತೆಗಿಟ್ಟ ಪುಸ್ತಿಕೆಯ ಕಾಗದದ ಗಂಧಕವೇ ಒಳಹೊಕ್ಕು ಲೋಹವನ್ನು ತಿಂದಿತ್ತು. ಅಮೆರಿಕದ ಒಂದು ದೊಡ್ಡ ಚಿತ್ರಸಂಸ್ಥೆ 2006ರಿಂದ 2008ರ ನಡುವೆ ಹೊರತಂದ ಡಿವಿಡಿಗಳೂ ಅನೇಕ ಕೆಟ್ಟಿವೆ. ಇನ್ನು ಬೂಷ್ಟು. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ಎಂಬ ಬಿಸಿ ತೇವದ ನಾಡಿನಿಂದ ಬಂದ ಸಿಡಿಯೊಂದರಲ್ಲಿ ಬೂಷ್ಟು ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯುಮಿನಿಯಮನ್ನೂ ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಚಪ್ಪಲಿಗೂ ಚೀಲಕ್ಕೂ ಬೂಷ್ಟು ಹಿಡಿಯುವ ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದುವೆ, ಉಪನಯನಗಳ ಡಿವಿಡಿಗಳ ಆಯುಷ್ಯ ಇನ್ನೂ ಕಡಿಮೆ. ಅವುಗಳಲ್ಲಿ ಗುಳಿಗಳಿಲ್ಲ, ಒಂದು ಬಗೆಯ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದಿರುತ್ತಾರೆ. ಬಿಸಿಲಿಗೆ ಸೀರೆ ಮಾಸಿದಂತೆ ಆ ಬಣ್ಣವೂ ಮಾಸುತ್ತದೆ. ಅದರ ಮೇಲೆ ಸ್ಟುಡಿಯೋದವರು ವಧೂವರರ ಫೋಟೋ ಅಚ್ಚಾದ ಕಾಗದವನ್ನು ಅಂಟಿಸಿ ಕೊಡುತ್ತಾರೆ. ಕಾಗದ ಮಳೆಗಾಲದಲ್ಲಿ ಪಸೆ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿಗಿಯುತ್ತದೆ, ತಿರುಗುವಾಗ ತೂಕ ತಪ್ಪಿಸುತ್ತದೆ. ಹಾಗೆಂದು ಅದನ್ನು ಕೀಳಲು ಹೋಗಬೇಡಿ. ಸಿಡಿಯಾದರೆ ಬೇಗಡೆಯೂ ಅದರೊಂದಿಗೇ ಎದ್ದುಬರುತ್ತದೆ. ಹೊಸದಾಗಿ ಮಾಡಿಸುವಾಗ ಕಾಗದ ಬೇಡವೆಂದು ಮೊದಲೇ ಹೇಳಿ, ಹೆಸರನ್ನು ನೀರಿನ ಶಾಯಿಯ ಪೆನ್ನಿನಲ್ಲಿ ತೂತಿನ ಸುತ್ತಲ ಪಾರದರ್ಶಕ ಭಾಗದಲ್ಲಿ ಬರೆದುಕೊಳ್ಳಿ. ಬಾಲ್‌ಪೆನ್ನನ್ನಂತೂ ಮುಟ್ಟಿಸಲೇ ಬಾರದು.

ಇನ್ನು ತೊಳೆಯುವ ಕ್ರಮ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಧೂಳು ಮಾತ್ರ ಇದ್ದರೆ ಊದುವ ರಬ್ಬರ್ ಬುರುಡೆಯಿಂದ ಗಾಳಿ ಹಾಕಿದರೆ ಸಾಕು; ಬಾಯಿಂದ ಊದಿದರೆ ಉಗುಳು ಹಾರುತ್ತದೆ. ಎಣ್ಣೆ, ಬೂಷ್ಟು ಇದ್ದರೆ ಮಾತ್ರ ನೀರು ಬೇಕು. ಆ ನೀರು ಬಾವಿಯದಾಗಬಾರದು, ಏಕೆಂದರೆ ನಮ್ಮ ಮುರಕಲ್ಲಿನ ಬಾವಿಯ ನೀರು ಒಣಗಿದಾಗ ಕೆಂಪು ಕಲೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಭಟ್ಟಿ ನೀರಿನ ಹೊಸ ಕ್ಯಾನನ್ನು ತನ್ನಿ. ಅಂಗಡಿಯಲ್ಲಿ ಅದೇ ಬಗೆಯ ಕ್ಯಾನಿನಲ್ಲಿ ಆಸಿಡ್ಡನ್ನೂ ಇಟ್ಟಿರುತ್ತಾರೆ, ಆದುದರಿಂದ ಚೀಟಿಯನ್ನು ಓದಿಯೇ ತನ್ನಿ. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರು ಬೆಚ್ಚಗೂ ಅಲ್ಲದ, ತಣ್ಣಗಿನ ನೀರು ಹಾಕಿ, ಪಾತ್ರೆ ತೊಳೆಯುವ ದ್ರವವನ್ನು ಸಾಸಿವೆ ಕಾಳಿನಷ್ಟು ಬಿಟ್ಟು ಕದಡಿ. ನೊರೆ ಕಂಡರೆ ಹೆಚ್ಚಾಯಿತೆಂದು ತಿಳಿಯಿರಿ. ಸಿಡಿಯನ್ನು ಅಂಚು ಮತ್ತು ತೂತು ಇವೆರಡರಲ್ಲಿ ಮಾತ್ರ ಹಿಡಿದು ಒಂದೇ ಸಲ ಅದ್ದಿ ತೆಗೆಯಬೇಕು, ನೆನೆಹಾಕಬಾರದು. ಕಾಗದ ಅಂಟಿಸಿದ್ದನ್ನೂ ಅಂಚು ಬಾಯ್ಬಿಟ್ಟದ್ದನ್ನೂ ಅದ್ದಲೇಬಾರದು, ಅವುಗಳಿಗೆ ಒದ್ದೆ ಬಟ್ಟೆಯಿಂದ ಕೆಳಮೈಯನ್ನು ಒರೆಸಿದರೆ ಸಾಕು.

ಬಟ್ಟೆ ಎಂದರೆ ಕೈಗೆ ಸಿಕ್ಕಿದ ಬೈರಾಸು ಅಲ್ಲ. ನೂರು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡು ಬೇಕು. ನನ್ನ ಅತ್ತೆಯವರು ಬೆಳ್ಳಿಯ ದೀಪ ಒರೆಸಲು ಅಂತಹ ತುಂಡುಗಳನ್ನು ಬೇರೆಯೇ ಗಂಟು ಕಟ್ಟಿ ಇಡುತ್ತಿದ್ದರು, ನಾನೂ ಅದನ್ನೇ ಅನುಸರಿಸಿದೆ. ತುಂಡನ್ನು ತೋರುಬೆರಳಿಗೆ ಸುತ್ತಿ, ನಡುವಿನ ತೂತಿನ ಬಳಿಯಿಂದ ಅಂಚಿನವರೆಗೆ ನೇರವಾಗಿ ಒಂದು ಗೆರೆ ಎಳೆದಂತೆ ಒರೆಸಿ ಕೈ ಎತ್ತಬೇಕು. ಮತ್ತೆ ತೂತಿನ ಬಳಿಯಿಂದಲೇ ಆರಂಭಿಸಬೇಕು. ಛತ್ರಿಯ ಕಡ್ಡಿಗಳಂತೆ ಒಂದರ ಪಕ್ಕದಲ್ಲಿ ಒಂದು ಬರಬೇಕು. ಕಾವಲಿಯ ಮೇಲೆ ದೋಸೆ ಹೊಯ್ದಂತೆ ಸುತ್ತು ಸುತ್ತಾಗಿ ಒರೆಸಲೇಬಾರದು. ಇದಕ್ಕೆ ಕಾರಣವಿದೆ. ಸಿಡಿಯೊಳಗಿನ ಬರಹ ಐದು ಕಿಲೋಮೀಟರಿಗೂ ಉದ್ದವಾದ ಒಂದೇ ಸುರುಳಿಯಾಗಿ ಸುತ್ತಿರುತ್ತದೆ. ಅಡ್ಡವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲಿಯೂ ಎಳ್ಳಷ್ಟನ್ನು ಮಾತ್ರ ಮರೆಮಾಡುತ್ತದೆ. ಎರಡು ಮಿಲಿಮೀಟರಿನಷ್ಟು ಬರಹ ಕಾಣದಿದ್ದರೂ ಯಂತ್ರ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಸುತ್ತಾಗಿ ಬಿದ್ದ ಗೀರಾದರೋ ಸುರುಳಿಯ ಜೊತೆಗೇ ಓಡುತ್ತ ಉದ್ದಕ್ಕೂ ಬರಹವನ್ನು ನುಂಗುತ್ತದೆ, ಆಗ ಯಂತ್ರ ಸೋಲುತ್ತದೆ. ಏಳೆಂಟು ಸಲ ಒರೆಸುವಷ್ಟರಲ್ಲಿ ಬಟ್ಟೆಯ ಹೊಸ ಭಾಗಕ್ಕೆ ಬೆರಳು ಬದಲಿಸಿ. ಮೇಲ್ಮೈಗೆ ಒತ್ತಡವೇ ಇಲ್ಲದಂತೆ ಬಟ್ಟೆಯನ್ನು ತಾಗಿಸಿ ನೀರು ಹೀರಿಸಿದರೆ ಸಾಕು. ಆಮೇಲೆ ಬರಿಯ ಭಟ್ಟಿ ನೀರಿನಲ್ಲಿ ಒಮ್ಮೆ ಅದ್ದಿ, ಅಂಚನ್ನು ಬಟ್ಟೆಗೆ ತಾಗಿಸಿ ಹನಿ ಇಳಿಸಿ, ತೂತಿಗೆ ಪೆನ್ಸಿಲ್ ತೂರಿಸಿ ಎರಡು ಲೋಟಗಳ ನಡುವೆ ನೆರಳಿನಲ್ಲಿ ನೇತುಹಾಕಿ. ಅಂಗಡಿಯ ಕಾಲದಲ್ಲಿ ನಮ್ಮ ಚಾವಡಿಯ ಮೇಜಿನ ಮೇಲೆ ಹೀಗೆ ಇಪ್ಪತ್ತು ಮೂವತ್ತು ಸಿಡಿಗಳು ಸಾಲಾಗಿ ತೂಗುತ್ತಿದ್ದವು, ಮುಂಜಾನೆಯ ಬೆಳಕು ಬಿದ್ದಾಗ ಮಾಡಿನ ತುಂಬ ಕಾಮನಬಿಲ್ಲು ಮೂಡುತ್ತಿತ್ತು. ಉಗುರಿನ ಬಣ್ಣ ತೆಗೆಯುವ ದ್ರವ, ಥಿನ್ನರ್, ಪೆಟ್ರೋಲ್ ಇವು ಹತ್ತಿರಕ್ಕೂ ಬರಬಾರದು. ಪಾಲಿಕಾರ್ಬೊನೇಟ್ ಕ್ಷಣದಲ್ಲಿ ಮಂಜಾಗುತ್ತದೆ.

ತೊಳೆದದ್ದನ್ನು ಇಡುವುದರಲ್ಲಿಯೂ ಎಡವುತ್ತೀರಿ. ಸಿಡಿಗಳನ್ನು ಒಂದರ ಮೇಲೊಂದು ಪೇರಿಸದೆ, ಗಟ್ಟಿ ಪೆಟ್ಟಿಗೆಯಲ್ಲಿ ಪುಸ್ತಕದಂತೆ ನಿಲ್ಲಿಸಿ ಇಡಬೇಕು. ಮೆತ್ತಗಿನ ಪ್ಲಾಸ್ಟಿಕ್ ಕವರುಗಳು ಸೆಕೆಗೆ ಮೈಗೆ ಅಂಟಿಕೊಳ್ಳುತ್ತವೆ. ಪೆಟ್ಟಿಗೆಯಿಂದ ತೆಗೆಯುವಾಗ ನಡುವಿನ ಗುಬ್ಬಿಯನ್ನು ಒತ್ತಿ ಎತ್ತದೆ ಅಂಚನ್ನು ಹಿಡಿದು ಎಳೆದು ಬಗ್ಗಿಸಿದರೆ ಡಿವಿಡಿಯ ಅಂಟು ಬಿಡುವುದು ಅಲ್ಲಿಂದಲೇ. ನುಸಿಗುಳಿಗೆ ಹಾಕುವವರಿದ್ದಾರೆ, ಅದರ ಆವಿ ಸಿಡಿ ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ತೋಟಕ್ಕೆ ಬಿಡುವ ಮೈಲುತುತ್ತಿನ ಚೀಲವಿರುವ ಕೋಣೆಯೂ ಬೇಡ, ಹಗಲೆಲ್ಲ ಹೆಂಚಿನಡಿ ಕಾಯುವ ಅಟ್ಟವೂ ಬೇಡ, ಟಿವಿಯ ಹಿಂಬದಿಯೂ ಬೇಡ. ಮನೆಯ ಒಳಗೋಡೆಗೆ ತಾಗಿದ ಮರದ ಕಪಾಟು ಸಾಕು.

ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಮೊದಲು, ಎಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಒಣಹವೆಯ ಒಂದು ಮಧ್ಯಾಹ್ನ ನೋಡಿ, ಸಿಡಿ ಪೆಟ್ಟಿಗೆಗಳನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಬಿಳಿಯ ಸಿಲಿಕಾ ಜೆಲ್ ಹರಳನ್ನು ಒಂದು ಹಿಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಟ್ಟು ಮುಚ್ಚಿಬಿಡಿ. ಹರಳನ್ನು ಅದಕ್ಕೆ ಸ್ವಲ್ಪ ಮೊದಲು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೀರಿದ ಪಸೆ ಹೋಗುವಂತೆ ಬಿಸಿ ಮಾಡಿ ಆರಿಸಿಟ್ಟಿರಬೇಕು. ಬಿಸಿಯಿರುವಾಗ ಯಾವುದನ್ನೂ ಮುಚ್ಚಬೇಡಿ. ಹಲಸಿನ ಹಪ್ಪಳವನ್ನು ಬಿಸಿಲಿನಿಂದ ತಂದ ಕೈಯಲ್ಲೇ ಡಬ್ಬಿಗೆ ತುಂಬಿ, ಆಟಿಯಲ್ಲಿ ಬೂಷ್ಟು ಬಂತೆಂದು ಹಪ್ಪಳವನ್ನು ದೂರುವ ನನ್ನ ಸೊಸೆಯರಿಗೂ ಇದೇ ಮಾತು: ಬಿಸಿ ಪೂರ್ತಿ ಆರಲು ಬಿಡಿ, ಡಬ್ಬಿ ಒಳಗೆ ಬೆವರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮುಪ್ಪು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದುದರಿಂದ ಓಡುತ್ತಿರುವಾಗಲೇ ಪ್ರತಿ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಸಿಡಿಯನ್ನು ದೀಪದ ಎದುರು ಹಿಡಿದು ನೋಡಿ; ಸೂಜಿಮೊನೆಯಷ್ಟು ಬೆಳಕು ಒಂದೆರಡು ಕಡೆ ತೂರಿಬಂದರೆ ಹೆದರಬೇಕಾಗಿಲ್ಲ, ಹೊಸದರಲ್ಲಿಯೂ ಅಷ್ಟಿರುತ್ತದೆ. ಹೋದ ವರ್ಷಕ್ಕಿಂತ ಹೆಚ್ಚಿದ್ದರೆ ಅಂದೇ ಕಂಪ್ಯೂಟರಿಗೆ ಇಳಿಸಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡಿ. ಒಂದು ಡ್ರೈವಿನಲ್ಲಿ ಓದದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ, ಲೇಸರಿನಿಂದ ಲೇಸರಿಗೆ ವ್ಯತ್ಯಾಸವಿರುತ್ತದೆ. ಮಗಳ ಮದುವೆಯ ಡಿವಿಡಿಯನ್ನು ನಾನು ಮೇಲೆ ಹೇಳಿದಂತೆ ಒರೆಸಿಕೊಟ್ಟ ಮೇಲೆ ಮೊಮ್ಮಗಳು ಮೂರು ಮನೆಗಳ ಕಂಪ್ಯೂಟರುಗಳಲ್ಲಿ ಹಾಕಿದಳು. ಮೂರನೆಯದು ಓದಿತು. ಹೆಣ್ಣೊಪ್ಪಿಸಿಕೊಡುವಾಗ ನಮ್ಮ ಮನೆಯವರು ಕಣ್ಣೊರೆಸಿಕೊಂಡದ್ದು ಸಿಕ್ಕಿತು. ಆಮೇಲಿನ ನಾಲ್ಕು ನಿಮಿಷ, ದಿಬ್ಬಣ ಹೊರಡುವುದು, ಸಿಗಲಿಲ್ಲ.

ಸತ್ತ ಸಿಡಿಗಳನ್ನು ಬಚ್ಚಲ ಒಲೆಗೆ ಹಾಕಬೇಡಿ, ಆ ಹೊಗೆ ಮಕ್ಕಳ ಎದೆಗೆ ಒಳ್ಳೆಯದಲ್ಲ. ಬೇರೆ ಚೀಲದಲ್ಲಿ ಕಟ್ಟಿಟ್ಟು, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಹೇಳಿ ಕೊಡಿ.